ಪುರಾಣಿಕರ ಹಾರುವ ಕುದುರೆ

ದುಂಡಪ್ಪ: ಕಣ್ಣಿನ ಚಾಳೀಸ ಮನ್ಯಾಗ ಬಿಟ್ಟು ಬಂದೀರಿ. ಅಷ್ಟು ದೂರದ ಕುದರಿ ಕೊಳ್ಳಾಗಿನ ಕೂದಲ ಸುಳಿ ನಿಮಗ ಹೆಂಗ ಕಂಡಿತ್ರಿ, ಪುರಾಣಿಕರ?

ಪುರಾಣಿಕ: ಬರೇ ಕಣ್ಣಿಲೆ ನೋಡಿದರ ಬಣ್ಣ ಅಷ್ಟ ಕಾಣತದ, ದುಂಡಪ್ಪ. ಸುಳಿ ನೋಡಲಿಕ್ಕೆ ಶಾಸ್ತ್ರದ ಕಣ್ಣು ಬೇಕು. ಸವದತ್ತಿ ಸೀಮಿ ಗೌಡರ ಆ ಬಿಳೀ ಕುದರಿ ಕೊಳ್ಳಾಗ ದೇವಮಣಿ ಸುಳಿ ಅದ. ಗೆಲ್ಲೂದು ಅದೇ.

ದುಂಡಪ್ಪ: ಗೆಲ್ಲೂದು ಕೊಳ್ಳಿಲೆ ಅಲ್ರಿ, ಕಾಲಿಲೆ. ಆ ಕರೀ ಕುದರಿ ಹಿಂಗಾಲು ನೋಡ್ರಿ. ಗುಡಿ ಕಂಬ ಇದ್ದಂಗ ಅದಾವು.

ಪುರಾಣಿಕ: ಕಂಬ ಎಲ್ಲ್ಯಾದರೂ ಹಾರತದೇನು? ಕಂಬದ ಧರ್ಮ ನಿಂತಲ್ಲೇ ನಿಂದರೂದು.

ರಾಣಿಯ ಮುಖದ ರೂಪಾಯಿಗಳ ನಡುವೆ ಹೊಸ ದೊರೆಯ ಮುಖದ ರೂಪಾಯಿ ಇನ್ನೂ ಸಂಕೋಚದಿಂದ ಸದ್ದು ಮಾಡುತ್ತಿದ್ದ ಕಾಲವದು. ಬೆಳಗಾವಿಯಿಂದ ಧಾರವಾಡದ ಕಡೆ ಹೊರಟಿದ್ದ ಇಂಗ್ಲಿಷ್ ಸಾಹೇಬರ ಕುದುರೆಪಡೆಯೊಂದು ಕಿತ್ತೂರಿನ ಹೊರಬಯಲಿನಲ್ಲಿ ಡೇರೆ ಹೊಡೆದು, ಬೇಸರ ಕಳೆಯಲೆಂದು ಒಂದು ದಿನದ ಪಂದ್ಯವನ್ನು ಏರ್ಪಡಿಸಿತ್ತು. ಮೊದಲಿಗೆ ಹಸಿರು ಸೊಪ್ಪಿನ ಬೇಲಿ, ಮುಂದೆ ನೀರು ತುಂಬಿದ ಗುಂಡಿ, ಅದರಾಚೆ ಮಣ್ಣಿನ ಒಡ್ಡು. ಇವನ್ನೆಲ್ಲ ಹಾರಿ ಕೊನೆಯ ನಿಶಾನೆಯನ್ನು ಮೊದಲು ಮುಟ್ಟಿದ ಕುದುರೆಗೆ ಜಯ. ಸುತ್ತಲಿನವರೂ ತಮ್ಮ ಹಾರುವ ಕುದುರೆಗಳನ್ನು ತರಬೇಕೆಂದು ಡಂಗುರ ಸಾರಿಸಲಾಗಿತ್ತು.

ಬೈಲಹೊಂಗಲದ ನೀಲಕಂಠ ಪುರಾಣಿಕರು ತಮ್ಮ ಮುದಿ ಕುದುರೆ ಗೋದಾವರಿಯನ್ನೇರಿ ಬಂದದ್ದು ಈ ಪಂದ್ಯಕ್ಕಲ್ಲ. ಅಂದು ಸಂಜೆ ಮಾರುತಿ ಗುಡಿಯಲ್ಲಿ ಆರಂಭವಾಗಲಿದ್ದ ಮಾಘಮಾಸದ ಪುರಾಣಕ್ಕೆ. ಕುದುರೆಯನ್ನು ರಸ್ತೆಯ ಹುಣಸೆಮರಕ್ಕೆ ಕಟ್ಟಿ, ನೀರು ಕುಡಿಸುವಂತೆ ಊರ ಕಾವಲಿನ ವಾಲೀಕಾರ ಯಮನಪ್ಪನಿಗೆ ಹೇಳಿ, ಒಂದು ಕ್ಷಣ ನೋಡಿ ಹೋದರಾಯಿತೆಂದು ದಿಬ್ಬದ ಮೇಲೆ ಕುಳಿತವರು ಮತ್ತೆ ಎದ್ದಿರಲಿಲ್ಲ. ವೈರಾಗ್ಯವನ್ನು ಬೋಧಿಸುವ ನಾಲಿಗೆಗೂ ಕುದುರೆ ನೋಡುವ ಕಣ್ಣಿಗೂ ಒಂದೇ ದೇಹದಲ್ಲಿ ಬಾಡಿಗೆಗೆ ಜಾಗ ಕೊಟ್ಟವನು ಭಗವಂತನೇ ಅಲ್ಲವೇ ಎಂದು ಅವರು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಪಕ್ಕದಲ್ಲಿದ್ದ ಅರಳೆ ವ್ಯಾಪಾರಿ ದುಂಡಪ್ಪ ಅವರ ಹಳೆಯ ಸ್ನೇಹಿತ, ಪುರಾಣ ಹೇಳಿಸುವ ಯಜಮಾನ. ಮುಂದಿನ ಸಾಲಿನಲ್ಲಿ ಕುಳಿತು ಮುಂದಿನ ಸಾಲಿನಲ್ಲಿಯೇ ನಿದ್ರಿಸುವ ಭಕ್ತ.

ದುಂಡಪ್ಪ: ಮತ್ತ ಆ ಕೆಂಪು ಕುದರಿ? ಸಾಹೇಬರದು. ಕಿವಿ ಹೆಂಗ ನಿಗಿರಿಸೇತಿ ನೋಡ್ರಿ.

ಪುರಾಣಿಕ: ಅದಕ್ಕ ಅಹಂಕಾರ ಭಾಳ. ಅಹಂಕಾರ ಇದ್ದದ್ದು ಒಂದಿಲ್ಲೊಂದು ಕಡೆ ಬೀಳತದ.

ದುಂಡಪ್ಪ: ಕುದರಿಗೂ ಪುರಾಣ ಹೇಳಾಕ ಹತ್ತಿದ್ರಿ. ಮಾತ್ಯಾಕ, ಒಂದು ರೂಪಾಯಿ ಇಡ್ರಿ.

ಪುರಾಣಿಕ: ಶಿವ ಶಿವಾ! ಜೂಜಿನ ಪಾಪದ ಮ್ಯಾಲೆ ಹ್ವಾದ ವರ್ಷ ಮೂರು ದಿವಸ ಮಾತಾಡಿದ್ದು ಮರತ್ಯಾ?

ದುಂಡಪ್ಪ: ಮರತಿಲ್ರಿ. ಮೂರೂ ದಿವಸ ಭಾಳ ಛಲೋ ನಿದ್ದಿ ಹತ್ತಿತ್ತು. ಹಂಗಾರ ರೊಕ್ಕ ಬ್ಯಾಡ. ನಿಮ್ಮ ಕುದರಿ ಗೆದ್ದರ, ಎಷ್ಟರ ಹೊತ್ತು ಪುರಾಣ ಹೇಳ್ರಿ, ಎಷ್ಟರ ಉಪಕಥಿ ಸೇರಸ್ರಿ, ನಾ ಕಂಬಕ್ಕ ಬೆನ್ನ ಹಚ್ಚಿ ನಿದ್ದಿ ಮಾಡೂದಿಲ್ಲ. ಸೋತರ ಈ ಸಲ ಒಂದೂ ಉಪಕಥಿ ಇಲ್ಲ. ಕಥಿ ಸೀದಾ ಹೋಗಬೇಕು, ಮಂಗಳಾರತಿ ಆಗಬೇಕು, ಪ್ರಸಾದ ಬಿಸಿ ಇದ್ದಾಗ ಬಾಯಾಗ ಬೀಳಬೇಕು.

ಉಪಕಥೆಯೆಂದರೆ ಪುರಾಣಿಕರಿಗೆ ಉಸಿರು. ಕಳೆದ ವರ್ಷ ಮೊದಲ ದಿನವೇ ಅರಮನೆ ಬಿಟ್ಟು ಕಾಡಿಗೆ ಹೊರಟಿದ್ದ ಅವರ ರಾಜಕುಮಾರ, ಪುರಾಣ ಮುಗಿದ ದಿನವೂ ಊರ ಅಗಸಿಬಾಗಿಲನ್ನು ದಾಟಿರಲಿಲ್ಲ. ದಾರಿಯಲ್ಲಿ ಎದುರಾದ ಪ್ರತಿಯೊಂದು ಗಿಡಕ್ಕೂ ಪೂರ್ವಜನ್ಮದ ಕಥೆಯೊಂದಿದ್ದರೆ ಆ ಬಡಪಾಯಿ ಮಾಡುವುದಾದರೂ ಏನು?

ಪುರಾಣಿಕ: ಆಗಲಿ. ರೊಕ್ಕ ಇಲ್ಲಂದ ಮ್ಯಾಲೆ ಇದು ಜೂಜಲ್ಲ, ಶಾಸ್ತ್ರಾರ್ಥ.

ಅಷ್ಟರಲ್ಲಿ ಯಮನಪ್ಪ ಏದುಸಿರು ಬಿಡುತ್ತ ದಿಬ್ಬವನ್ನೇರಿ ಬಂದ.

ಯಮನಪ್ಪ: ಪುರಾಣಿಕರ, ನಿಮ್ಮ ಕುದರಿ ಸಾಲಿನ್ಯಾಗ ನಿಂತೈತ್ರಿ!

ಪುರಾಣಿಕ: (ಬಿಳಿಯ ಕುದುರೆಯತ್ತ ಕೈಮಾಡಿ) ಕೇಳಿದ್ಯಾ ದುಂಡಪ್ಪ? ಆಗಲೇ ಮಂದಿ ಅದಕ್ಕ ನನ್ನ ಕುದರಿ ಅನ್ನಲಿಕ್ಕೆ ಹತ್ಯಾರ. ಹೆಂಗ ನಿಂತದೋ ಯಮನಪ್ಪ?

ಯಮನಪ್ಪ: ಕಣ್ಣ ಮುಚ್ಚಿ ನಿಂತೈತ್ರಿ. ನಿದ್ದಿ ಮಾಡಾಕ ಹತ್ತೈತಿ.

ಪುರಾಣಿಕ: ಅದು ನಿದ್ದಿ ಅಲ್ಲ, ಧ್ಯಾನ.

ಯಮನಪ್ಪ: ಧ್ಯಾನದಾಗ ಜೊಲ್ಲ ಸುರೀತೈತೇನ್ರಿ?

ದುಂಡಪ್ಪ: ಸುರೀತೈತೋ. ಪುರಾಣ ಕೇಳುವಾಗ ನಂಗ ದಿನಾ ಸುರೀತೈತಿ.

ಯಮನಪ್ಪ: ಏರಾಕ ಯಾರೂ ಒಪ್ಪಲಿಲ್ರಿ. ಕಡೀಕ ನಮ್ಮ ಅಳಿಯ ಮಡಿವಾಳೆಪ್ಪನ್ನ ಏರಿಸೇನಿ.

ಪುರಾಣಿಕ: ಸವದತ್ತಿ ಸೀಮಿ ಗೌಡರ ಕುದರಿ ಮ್ಯಾಲೆ ನಿನ್ನ ಅಳಿಯ! ಅವನ ದೈವ ತೆರೀತು ನೋಡು.

ಯಮನಪ್ಪ: ಗೌಡರು ಎಲ್ಲಿಂದ ಬಂದ್ರೋ ಯಪ್ಪಾ?

ಪುರಾಣಿಕರಿಗೆ ಈ ಮಾತು ಕೇಳಿಸಲಿಲ್ಲ. ಸಾಲಿನ ತುದಿಯಲ್ಲಿ ಮಸುಕಾಗಿ ಕಂಡ ನಾಲ್ಕನೆಯ ಕುದುರೆಯೊಂದು ಅವರ ಗಮನ ಸೆಳೆದಿತ್ತು.

ಪುರಾಣಿಕ: ಅದೇನೋ ಕಡೀಕ, ಬೂದಿ ಬಣ್ಣದ್ದು? ಕುದರಿನೋ, ಕಣಜನೋ?

ದುಂಡಪ್ಪ: ಬಾಲ ಐತಿ. ಕುದರಿ ಇರಬೇಕು.

ಪುರಾಣಿಕ: ಹೊಟ್ಟಿ ನೋಡು, ಜೋತುಬಿದ್ದ ತಲಿ ನೋಡು. ಕುದರಿ ನೋಡಿ ಒಡಿಯನ ಗುಣ ಹೇಳತೇನಿ, ಕೇಳು. ಇದರ ಒಡಿಯ ಉಂಡು ಮಾತಾಡತಾನ, ಮಾತಾಡಿ ಉಣತಾನ. ಮಾತಿಗಿ ತಳ ಇಲ್ಲ, ಊಟಕ್ಕ ದಂಡಿ ಇಲ್ಲ.

ಯಮನಪ್ಪ: (ಕೆನ್ನೆ ಬಡಿದುಕೊಂಡು) ಹಂಗ ನಾ ಅನ್ನೂದಿಲ್ರಿ. ಅವರು ಭಾಳ ಛಲೋ ಮಂದಿ. ಮಾತು ಅಷ್ಟ ಒಂದೀಟು ಉದ್ದ.

ಪುರಾಣಿಕ: ನಿನಗ ಗೊತ್ತೇನೋ ಅವರು?

ಯಮನಪ್ಪ: ನಂಗೇನೋ ಗೊತ್ತ್ರಿ. ನಿಮಗ ಗೊತ್ತಿಲ್ಲೇನ್ರಿ?

ಕಹಳೆ ಮೊಳಗಿತು, ನಿಶಾನೆ ಕೆಳಗೆ ಬಿತ್ತು. ಬಿಳಿಯ ಕುದುರೆ ಬಾಣದಂತೆ ಎಲ್ಲರಿಗಿಂತ ಮುಂದೆ ಚಿಮ್ಮಿತು. ಪುರಾಣಿಕರು ಉತ್ತರೀಯ ಜಾರಿದ್ದನ್ನೂ ಅರಿಯದೆ ಎದ್ದು ನಿಂತರು. ಬೇಲಿ ಬಂತು. ಕುದುರೆ ನಿಂತಿತು. ಮೂಸಿತು. ನಿಧಾನವಾಗಿ ಸೊಪ್ಪು ಮೇಯತೊಡಗಿತು.

ಪುರಾಣಿಕ: ಹಾರೋ ಮಾರಾಯಾ! ಹಾರು!

ದುಂಡಪ್ಪ: ದೇವಮಣಿ ನೈವೇದ್ಯಕ್ಕ ಕುಂತಿತು. ಈಗ ನೋಡ್ರಿ ನಮ್ಮ ಕರೇದು!

ಕಪ್ಪು ಕುದುರೆ ಬೇಲಿಯನ್ನು ಹಾರಿತು, ಗುಂಡಿಯನ್ನೂ ಹಾರುವುದರಲ್ಲಿತ್ತು. ಆದರೆ ಹಿಂಗಾಲುಗಳೆರಡೂ ನೀರಿನೊಳಗೆ ಇಳಿದವು, ಕೆಸರಿನಲ್ಲಿ ಹೂತವು, ಮತ್ತೆ ಕದಲಲಿಲ್ಲ.

ಪುರಾಣಿಕ: ನಾ ಏನ ಹೇಳಿದ್ದೆ? ಕಂಬದ ಧರ್ಮ!

ಸಾಹೇಬರ ಕೆಂಪು ಕುದುರೆ ಮಾತ್ರ ಎಲ್ಲವನ್ನೂ ಹಾರಿತು. ಅದರ ಸವಾರ ಕೊನೆಯ ಒಡ್ಡಿನ ಮೇಲೆಯೇ ಉಳಿದುಕೊಂಡ. ಭಾರ ಇಳಿದ ಸಂತೋಷದಲ್ಲಿ ಕುದುರೆ ನಿಶಾನೆಯನ್ನು ಮರೆತು ಧಾರವಾಡದ ರಸ್ತೆ ಹಿಡಿಯಿತು.

ಆಗ ಬಯಲಿನಲ್ಲಿ ಉಳಿದದ್ದು ಬೂದಿ ಬಣ್ಣದ್ದೊಂದೇ. ಅದು ಬೇಲಿಯ ಬಳಿ ಬಂದು ಯೋಚಿಸಿತು. ಎಡಗಡೆಯಿಂದ ಬಳಸಿಕೊಂಡು ಹೋಯಿತು. ಗುಂಡಿಯನ್ನು ಬಲಗಡೆಯಿಂದ ಬಳಸಿತು. ಒಡ್ಡಿಗೆ ಪೂರ್ತಿ ಒಂದು ಪ್ರದಕ್ಷಿಣೆ ಹಾಕಿತು. ಮೇಲಿದ್ದವನ ಕೂಗಾಟ, ಒದೆತ ಯಾವುದಕ್ಕೂ ತನ್ನ ಗಾಂಭೀರ್ಯವನ್ನು ಬಿಟ್ಟುಕೊಡಲಿಲ್ಲ.

ದುಂಡಪ್ಪ: ಈ ನಡಗಿ ನಾ ಎಲ್ಲೋ ನೋಡೇನ್ರಿ. ಎದುರಿಗಿ ಏನರ ಬಂತಂದ್ರ ಸುತ್ತ ಹೊಡೀಬೇಕು, ಮುಂದ ಹೋಗಬಾರದು…

ಕೊನೆಯ ನಿಶಾನೆಯ ಕೆಳಗೆ ಜನ ಗುಂಪುಗೂಡಿದ್ದರು. ಬೂದಿ ಬಣ್ಣದ ಕುದುರೆ ನೇರವಾಗಿ ಆ ಗುಂಪಿನ ನಡುವೆ ಹೋಗಿ ನಿಂತು, ಸವಾರ ಇಳಿದು ಮಾತು ಆರಂಭಿಸಲಿ ಎಂಬಂತೆ ಕಣ್ಣು ಮುಚ್ಚಿತು. ಜನ ಸೇರಿದ್ದನ್ನು ಕಂಡರೆ ಹೀಗೆ ನಿಲ್ಲುವ ಕುದುರೆ ಆ ಸೀಮೆಯಲ್ಲಿ ಒಂದೇ ಇತ್ತು. ಪುರಾಣಿಕರು ಕಣ್ಣು ಕಿರಿದು ಮಾಡಿಕೊಂಡು ಎರಡು ಹೆಜ್ಜೆ ಮುಂದೆ ಬಂದರು. ಕೆಳಗಿನಿಂದ ಜನರ ಕೂಗು ಕೇಳಿಬಂತು: “ಹಾರೂರ ಕುದರಿ ಗೆದ್ದೈತಿ!”

ಬ್ರಾಹ್ಮಣರನ್ನು ಹಾರೂರೆಂದು ಕರೆಯುವುದು ಆ ಕಡೆಯ ವಾಡಿಕೆ.

ಪುರಾಣಿಕ: ಗೋದಾವರಿ! ಯಮನಪ್ಪಾ, ನನ್ನ ಗೋದಾವರಿ ಅಲ್ಲಿ ಯಾಕ ಹೋಗಿತ್ತೋ?

ಯಮನಪ್ಪ: ನಾನ ಒಯ್ದು ನಿಲ್ಲಿಸೇನ್ರಿ. ಆಗಿಂದ ಅದನ್ನ ಹೇಳಾಕ ಹತ್ತೇನಿ. ಡಂಗುರದಾಗ ಏನ ಸಾರಿದ್ರು? “ಹಾರೂ ಕುದರಿ ಎಲ್ಲಾ ಬಯಲಿಗಿ ತರಬೇಕು.” ಇಲ್ಲಿ ಹಾರೂರ ಕುದರಿ ಅಂದ್ರ ನಿಮ್ಮದೊಂದ. ತರದಿದ್ರ ಸರಕಾರ ನನ್ನ ಬಿಡತೈತೇನ್ರಿ?

ಪುರಾಣಿಕ: ಅಯ್ಯ ಪುಣ್ಯಾತ್ಮಾ! ಹಾರೂ ಕುದರಿ ಅಂದರ ಜಿಗಿಯೂ ಕುದರಿ!

ಯಮನಪ್ಪ: ಹಂಗಾರ ಜಿಗಿಯೂ ಕುದರಿ ಅಂತ ಸಾರಬೇಕ್ರಿ. ನಡುವ ನಿಮ್ಮ ಮಂದಿ ಹೆಸರ್ಯಾಕ?

ಯಮನಪ್ಪ ಕೆಳಗೆ ಓಡಿದ. ಅವನು ಕುದುರೆಯನ್ನು ಹಿಡಿದು ಮರಳುವಷ್ಟರಲ್ಲಿ ಪುರಾಣಿಕರ ಶಾಸ್ತ್ರಬುದ್ಧಿ ಚೇತರಿಸಿಕೊಂಡಿತ್ತು.

ಪುರಾಣಿಕ: ದುಂಡಪ್ಪ, “ನಿಮ್ಮ ಕುದರಿ ಗೆದ್ದರ” ಅಂತ ನೀನೇ ಅಂದಿದ್ದಿ. ಈಗ ಗೆದ್ದದ್ದು ಯಾರ ಕುದರಿ?

ದುಂಡಪ್ಪ: ನಿಮ್ಮದ. ಅದರ ಒಡಿಯನ ಗುಣಾನೂ ನೀವ ಹೇಳೀರಿ. ನಾ ಒಂದ ಮಾತೂ ಕೂಡಿಸಿಲ್ಲ.

ಯಮನಪ್ಪ: ಜಗಳ ಬ್ಯಾಡ್ರಿ. ಗೆಲವು ಇಲ್ಲ ಅಂದ್ರು ಸಾಹೇಬರು. ಹಾರೂರ ಕುದರಿ ಐತ್ರಿ ಅಂತ ನಾ ಆಣಿ ಮಾಡಿ ಹೇಳಿದೆ. “ಯಾರದರ ಇರಲಿ, ಹಾರಿಲ್ಲ” ಅಂದ್ರು.

ದುಂಡಪ್ಪ: ಹಾರೂದು ಹೆಂಗ? ಕೂಸಿದ್ದಾಗಿಂದ ನಿಮ್ಮ ಪುರಾಣ ಕೇಳೇತಿ. ಸುತ್ತ ಹೊಡಿಯೂದ ಕಲತೇತಿ. ಪುರಾಣಿಕರ, ಕುದರಿಯಂತೂ ಹಾರಲಿಲ್ಲ. ನೀವರ ಉಪಕಥಿ ಹಾರಸ್ರಿ.

ಪುರಾಣಿಕರು ಗೋದಾವರಿಯನ್ನು ನೋಡಿದರು. ಆ ಹೊಟ್ಟೆ, ಆ ಜೋತ ತಲೆ, ಆ ಅರೆಮುಚ್ಚಿದ ಕಣ್ಣು. ಕನ್ನಡಿಯ ಮುಂದೆ ನಿಂತಂತಾಯಿತು. ಭಗವಂತನು ತನ್ನ ದಾಸರಿಗೆ ಬುದ್ಧಿ ಹೇಳಲು ಋಷಿಗಳನ್ನೇ ಕಳುಹಿಸಬೇಕೆಂದೇನೂ ಇಲ್ಲ. ದಾಸನ ಯೋಗ್ಯತೆಯನ್ನು ನೋಡಿ ಕಳುಹಿಸುತ್ತಾನೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಆಕಾಶಕ್ಕೆ ಕೈಮುಗಿದರು. ಗೆದ್ದ ಕುದುರೆಯನ್ನು ನೋಡಲು ಅಷ್ಟರಲ್ಲಿ ದಿಬ್ಬದ ಸುತ್ತ ಜನ ಸೇರಿದ್ದರು.

ಪುರಾಣಿಕ: ಹಾರಸತೇನಿ, ದುಂಡಪ್ಪ. ದೇವರು ಇಷ್ಟು ಬಿಡಿಸಿ ಹೇಳಿದ ಮ್ಯಾಲೆ ಇನ್ನ ವಾದ ಇಲ್ಲ. ಇವತ್ತಿನಿಂದ ಒಂದೂ ಉಪಕಥಿ ಇಲ್ಲ.

ದುಂಡಪ್ಪ: ಖರೇನ್ರಿ?

ಪುರಾಣಿಕ: ಮಾರುತಿ ಆಣಿ ಖರೆ. ಆದರ ಯಾಕ ಬಿಟ್ಟೆ ಅಂತ ನಾಳೆ ಮಂದಿ ಕೇಳತಾರ ನೋಡು, ಅದಕ್ಕ ಈ ಕುದರಿದು ಒಂದು ಸಣ್ಣ ಕಥಿ ಅದ. ಅದಷ್ಟ ಹೇಳಿಬಿಡತೇನಿ. ಇದರ ತಾಯಿ ರಾಮದುರ್ಗದಾಗ ಇತ್ತು. ಆ ರಾಮದುರ್ಗದ ಹೊಳಿ ದಂಡಿಮ್ಯಾಲೆ ಒಂದು ಅತ್ತಿಗಿಡ. ಆ ಅತ್ತಿಗಿಡ ಹಿಂದಿನ ಜನ್ಮದಾಗ…

ಗೋದಾವರಿಗೆ ಈ ಧ್ವನಿಯ ಪರಿಚಯವಿತ್ತು. ಅದು ಹಿಂಗಾಲೊಂದನ್ನು ಸಡಿಲಿಸಿ ಕಣ್ಣನ್ನು ಪೂರ್ತಿ ಮುಚ್ಚಿತು. ದುಂಡಪ್ಪ ಸುತ್ತಲೂ ನೋಡಿದ, ಎಲ್ಲಿಯೂ ಕಂಬವಿರಲಿಲ್ಲ. ನಿಟ್ಟುಸಿರು ಬಿಟ್ಟು, ಕುದುರೆಯ ಹೊಟ್ಟೆಗೇ ಬೆನ್ನು ಹಚ್ಚಿದ.