ಬಾನ್ಯಾದ ಬಾಗಿಲಿಗೆ ಕಟ್ಟಿದ ಧೋತರ

ಸ್ನಾನಕ್ಕೆ ಹೋದಾಗ ಚಿಲಕ ಹಾಕಿಕೊಳ್ಳಬೇಕೆಂದು ನಮಗೆ ಯಾರೂ ಕೂಡಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ. ಮನೆಯಲ್ಲಿ ನಾವೊಬ್ಬರೇ ಇದ್ದು, ಹೊರಬಾಗಿಲಿಗೆ ಬೀಗ ಬಿದ್ದಿದ್ದರೂ ಕೈ ತಾನಾಗಿಯೇ ಚಿಲಕದ ಕಡೆ ಹೋಗುತ್ತದೆ. ಯಾರು ಬಂದಾರೆಂದು ಈ ಬಂದೋಬಸ್ತೋ! ನಾನೂ ಹಾಗೆಯೇ ಬೆಳೆದವಳು. ಆದರೆ ಈಗ ಟೊರಾಂಟೊ ಪಕ್ಕದ ರಿಚ್ಮಂಡ್ ಹಿಲ್‌ನ ನಮ್ಮ ಮನೆಯ ಯಾವ ಬಾತ್‌ರೂಮಿಗೂ ಲಾಕ್ ಇಲ್ಲ. ಗುಂಡಿ ಒತ್ತಿದರೆ ಲಾಕ್ ಆಗುವ ಹಿಡಿಕೆಗಳನ್ನೆಲ್ಲ ನಾನೇ ಸ್ಕ್ರೂ ಡ್ರೈವರ್ ಹಿಡಿದು ಬಿಚ್ಚಿ, ಬೋಳು ಹಿಡಿಕೆಗಳನ್ನು ಕೂಡಿಸಿದ್ದೇನೆ. ಊಟಕ್ಕೆ ಬಂದ ಅತಿಥಿಗಳು ಕೈ ತೊಳೆಯಲು ಒಳಗೆ ಹೋಗಿ, ಒಂದು ಕಾಲಿನಿಂದ ಬಾಗಿಲನ್ನು ಒತ್ತಿ ಹಿಡಿದು, ಬ್ಯಾಲೆನ್ಸ್ ತಪ್ಪಿದ ಮುಖದಲ್ಲಿ ಹೊರಗೆ ಬರುತ್ತಾರೆ. ಬೆಳಗಾವಿಯ ಸುನೀತಕ್ಕನಂತೂ ನೇರವಾಗಿಯೇ ಕೇಳಿದರು: “ಏನವಾ, ಇಷ್ಟ್ ದೊಡ್ಡ ಮನಿ ತಗೊಂಡೀರಿ, ಒಂದ್ ಚಿಲಕಕ್ಕ ದುಡ್ಡ್ ಉಳೀಲಿಲ್ಲೇನು?”

ಅವರಿಗೆ ಹೇಳಿದ ಕಥೆಯನ್ನೇ ನಿಮಗೂ ಹೇಳುತ್ತೇನೆ. ಹೇಳಿದಾಗಲೆಲ್ಲ ಎದೆ ಸ್ವಲ್ಪ ಹಗುರಾಗುತ್ತದೆ. ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ, ನಗುವಾಗ ಕೈ ಮಾತ್ರ ಸೆರಗಿನ ತುದಿಯನ್ನು ತಿರುಚುತ್ತಿರುತ್ತದೆ.

ನಮ್ಮ ಪಕ್ಕದ ಮನೆಯ ಸೆರ್ಗೇಯ್ ರಷ್ಯದ ಒಂದು ಹಳ್ಳಿಯವರು. ಹಿಮ ಸರಿಸುವ ನಮ್ಮ ಸ್ನೋಬ್ಲೋವರ್ ಮುನಿಸಿಕೊಂಡಾಗಲೆಲ್ಲ ಬಂದು ರಿಪೇರಿ ಮಾಡಿಕೊಡುವವರು. ಕೂಲಿಯೆಂದು ನನ್ನ ಕೈಯ ಚಕ್ಕುಲಿ ಒಯ್ಯುವವರು. ಆ ಕಡೆ ಹೋಗಿಬರುವುದು ಇನ್ನೂ ಸುಲಭವಿದ್ದ ಕಾಲದಲ್ಲಿ, ತಾಯಿಯ ಹುಟ್ಟುಹಬ್ಬಕ್ಕೆ ಹೊರಟಿದ್ದ ಅವರು ನಮ್ಮನ್ನೂ ಕರೆದರು. ಮಗಳು ಅನಘಾಳನ್ನು ಎರಿನ್ ಮಿಲ್ಸ್‌ನಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಬಿಟ್ಟು ನಾವಿಬ್ಬರೂ ಹೊರಟೆವು. ನಮ್ಮವರು ಧಾರವಾಡದ ಮಣ್ಣಿನವರು. ಎಲ್ಲಿಗೆ ಕರೆದರೂ ಬರುತ್ತಾರೆ, ಹೋದಲ್ಲೆಲ್ಲ ಧಾರವಾಡವನ್ನು ಹುಡುಕುತ್ತಾರೆ.

ಸೆರ್ಗೇಯ್ ಅವರ ತಾಯಿ ನೀನಾ ಅಮ್ಮನಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ‘ಈಟ್’ ಮತ್ತು ‘ಗುಡ್’ ಮಾತ್ರ. ಒಬ್ಬ ತಾಯಿಯ ಕೆಲಸಕ್ಕೆ ಅಷ್ಟು ಸಾಕೆಂದು ಅಲ್ಲಿದ್ದಾಗ ಗೊತ್ತಾಯಿತು. ನಾವು ಮಾಂಸ ತಿನ್ನುವುದಿಲ್ಲವೆಂದು ತಿಳಿದ ಮೇಲೆ ಆಕೆ ಒಂದು ಗಳಿಗೆ ದುಃಖಪಟ್ಟು, ನಂತರ ಆಲೂಗಡ್ಡೆಯನ್ನು ಇನ್ನಿಲ್ಲದ ರೂಪಗಳಲ್ಲಿ ನಮ್ಮ ಮುಂದೆ ತಂದಿಟ್ಟರು. ಕಟ್ಟಿಗೆಯ ಮನೆ, ಅಡಿಗೆಮನೆಯ ನಡುವೆ ಆನೆಯಂತೆ ಕೂತ ಒಲೆ, ಹಿತ್ತಲಿನಲ್ಲಿ ಕೋಸಿನ ರಾಶಿ. ಚಳಿಗಾಲಕ್ಕೆಂದು ಅದನ್ನು ಹೆಚ್ಚಿ, ಉಪ್ಪು ಹಾಕಿ ಪೀಪಾಯಿಯಲ್ಲಿ ತುಂಬುವ ದಿನಗಳವು. ಹಿತ್ತಲಿನ ಕೊನೆಯಲ್ಲಿ ಒಂದು ಪುಟ್ಟ ಮರದ ಗುಡಿಸಲು. ಅದಕ್ಕೆ ಬಾನ್ಯಾ ಎನ್ನುತ್ತಾರೆ. ಅದು ಅವರ ಬಚ್ಚಲಮನೆ. ಮೊದಲ ಕೋಣೆಯಲ್ಲಿ ಬಟ್ಟೆ ಬಿಚ್ಚಿಡಬೇಕು. ಒಳಕೋಣೆಯಲ್ಲಿ ಒಲೆ, ಒಲೆಯ ಮೇಲೆ ಕಾದ ಕಲ್ಲು. ಕಲ್ಲಿಗೆ ನೀರು ಸುರಿದರೆ ಹಬೆ ಏಳುತ್ತದೆ. ಆ ಹಬೆಯಲ್ಲಿ ಕೂತವರ ಬೆನ್ನಿಗೆ ಇನ್ನೊಬ್ಬರು ಬರ್ಚ್ ಮರದ ಎಲೆಯಿರುವ ರೆಂಬೆಗಳನ್ನು ಪೊರಕೆಯಂತೆ ಕಟ್ಟಿದ ಬರಲಿನಿಂದ ಬಾರಿಸಬೇಕು. ಅದು ಶಿಕ್ಷೆಯಲ್ಲ, ಉಪಚಾರ.

ನಾವು ಅಲ್ಲಿದ್ದಾಗಲೇ ನರಕ ಚತುರ್ದಶಿ ಬಂತು. ನಮ್ಮವರು ಆಫೀಸಿನ ಮೀಟಿಂಗು ಮರೆತಾರು, ದೀಪಾವಳಿಯ ಎಣ್ಣೆಸ್ನಾನ ಮರೆಯುವವರಲ್ಲ. ಕೊಬ್ಬರಿ ಎಣ್ಣೆಯ ಶೀಸೆಯನ್ನೂ ಹಬ್ಬಕ್ಕೆಂದು ಹೊಸ ಧೋತರವನ್ನೂ ಟೊರಾಂಟೊದಿಂದಲೇ ಹೊತ್ತು ತಂದಿದ್ದರು. ನೀನಾ ಅಮ್ಮ ಬೆಳಿಗ್ಗೆಯೇ ಬಾನ್ಯಾಕ್ಕೆ ಉರಿ ಹಾಕಿದರು. ಸೆರ್ಗೇಯ್ ಪೇಟೆಗೆ ಹೋಗುವ ಮುನ್ನ, ತಾಯಿಯ ಮಾತನ್ನು ನಮಗೆ ತಿಳಿಸಿದರು: “ನಾನಿಲ್ಲ ಅಂತ ಚಿಂತೆ ಬೇಡ. ಬೆನ್ನಿಗೆ ಬರಲಿನಿಂದ ಬಾರಿಸೋಕೆ ಅಮ್ಮನೇ ಬರ್ತಾಳಂತೆ. ನೀವು ಅವಳಿಗೆ ಮಗನ ಹಾಗೆ.”

ನಮ್ಮವರ ಮುಖ ಹುಳಿ ಮಜ್ಜಿಗೆಯ ಬಣ್ಣಕ್ಕೆ ತಿರುಗಿತು. ಮೊದಲ ಕೋಣೆಯಲ್ಲಿ ನಾನು ಅವರ ನೆತ್ತಿಗೆ ಎಣ್ಣೆ ಒತ್ತುತ್ತಿದ್ದಾಗಲೂ ಅದೇ ಮಾತು. “ನೀ ಬಾಗಿಲದಾಗ ನಿಂದರು. ಅವರನ್ನ ಒಳಗ ಬಿಡಬ್ಯಾಡ.”

“ಅವರ ಮನಿ ಬಚ್ಚಲಕ್ಕ ಅವರನ್ನs ಬಿಡಬ್ಯಾಡ ಅಂದ್ರ ಹೆಂಗ್ರಿ? ಅವರು ನಿಮ್ಮ ಅವ್ವನ ವಯಸ್ಸಿನವರು.”

“ನಮ್ಮವ್ವ ಸೈತ ನಾ ಸಾಲಿಗೆ ಹೋಗೂದು ಸುರು ಮಾಡಿದ ಮ್ಯಾಲೆ ಒಳಗ ಬಂದಿಲ್ಲ.”

ಹಬ್ಬದ ದಿನ ವಾದ ಬೇಡವೆಂದು, ಸುಮ್ಮನೆ ಕೈ ಕಾಲಿಗೂ ಧಾರಾಳವಾಗಿ ಎಣ್ಣೆ ಹಚ್ಚಿ, ಆರತಿ ಬೆಳಗಿ ಒಳಗೆ ಕಳಿಸಿದೆ. ಅವರು ಧೋತರವನ್ನೂ ಒಳಗೆ ಒಯ್ದರು. ಏಕೆಂದು ನಾನು ಕೇಳಲಿಲ್ಲ. ಒಳಕೋಣೆಯ ಬಾಗಿಲಿಗೆ ಚಿಲಕವಿರಲಿಲ್ಲ. ಬಾನ್ಯಾಕ್ಕೆ ಚಿಲಕ ಇಡುವುದೇ ಇಲ್ಲ. ಅದು ಹೊರಗೆ ತೆರೆಯುವ ಬಾಗಿಲು. ಒಳಗಿದ್ದವನಿಗೆ ತಲೆ ತಿರುಗಿದರೆ ಮೈ ಒರಗಿದರೂ ಸಾಕು, ತೆರೆದುಕೊಳ್ಳಬೇಕು. ನಮ್ಮವರು ಅದರ ಹಿಡಿಕೆಗೂ ಗೋಡೆಯಲ್ಲಿನ ಗೂಟಕ್ಕೂ ಸೇರಿಸಿ ಆ ಹೊಸ ಧೋತರವನ್ನು ಬಿಗಿದು ಗಂಟು ಹಾಕಿದರು. ಆಮೇಲೆ ನಿಶ್ಚಿಂತೆಯಿಂದ ಕಲ್ಲಿನ ಮೇಲೆ ಒಂದು ಬಕೀಟು ನೀರನ್ನು ಪೂರಾ ಸುರಿದರು. ಸೆರ್ಗೇಯ್ ಸುರಿಯುತ್ತಿದ್ದದ್ದು ಒಂದು ಸೌಟು.

ನಾನು ಹೊರಗೆ ಬೆಂಚಿನ ಮೇಲೆ ಕೂತು ಬಿಸಿಲು ಕಾಯಿಸುತ್ತಿದ್ದೆ. ನೀನಾ ಅಮ್ಮ ಕೋಸು ಹೆಚ್ಚುವುದನ್ನು ಅಲ್ಲೇ ಬಿಟ್ಟು, ಬರಲನ್ನು ನೆನೆಸಿ ಹಿಡಿದುಕೊಂಡು ಬಂದರು. ನಾನು ದಾರಿಗೆ ಅಡ್ಡ ನಿಂತು ನಕ್ಕೆ. ಆಕೆಯೂ ನಕ್ಕು, ನನ್ನನ್ನು ಕುರ್ಚಿಯಂತೆ ಪಕ್ಕಕ್ಕೆ ಸರಿಸಿ ಮೊದಲ ಕೋಣೆಗೆ ಹೋದರು. ನಾನು ಹಿಂದೆಯೇ ಹೋಗುವಷ್ಟರಲ್ಲಿ ಒಳಕೋಣೆಯ ಬಾಗಿಲು ಎಳೆದರು. ಅದು ಬರಲಿಲ್ಲ. ಇನ್ನೊಮ್ಮೆ ಎಳೆದರು. ಆಕೆಯ ಮುಖದ ನಗು ಹೋದದ್ದನ್ನು ನಾನು ನೋಡಿದೆ. ಈಗಲೂ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಆ ಮುಖವೇ.

“ರೀ, ಬಾಗಿಲಾ ತೆಗೀರಿ,” ಎಂದೆ.

“ಉರಿ ಭಾಳ ಆಗೇದ. ಬರ್ಲಿಕ್ಕತ್ತೇನಿ,” ಎಂದು ಉತ್ತರ ಬಂತು. ಸ್ವಲ್ಪ ಹೊತ್ತಿಗೆ ಬೇರೆ ದನಿ: “ಗಂಟು ಬಿಚ್ಚಲಿಕ್ಕೆ ಬರವಲ್ದು. ಕೈ ಜಾರ್ಲಿಕ್ಕತ್ತಾವ.”

ನಾನು ಬಿ.ಎಸ್ಸಿ.ಯಲ್ಲಿ ಫಿಸಿಕ್ಸ್ ಓದಿದವಳು. ಹುಬ್ಬಳ್ಳಿಯ ಕಾಲೇಜಿನಲ್ಲಿ ಒಂದಿಷ್ಟು ಕಾಲ ಅದನ್ನು ಪಾಠ ಮಾಡಿದವಳು. ಕಟ್ಟಿದ ಬಟ್ಟೆಯನ್ನು ಎಳೆದಷ್ಟೂ ಗಂಟು ಬಿಗಿಯಾಗುತ್ತದೆ, ಹಬೆಗೆ ನೆನೆದ ಹತ್ತಿಯಾದರೆ ಕೇಳುವುದೇ ಬೇಡ, ಇದನ್ನು ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸಬಲ್ಲೆ. ಅಂಥ ನಾನು ಹಿಡಿಕೆ ಹಿಡಿದು ಜೀವ ಬಿಟ್ಟು ಎಳೆದೆ. ನೀನಾ ಅಮ್ಮ ನನ್ನ ಸೊಂಟ ಹಿಡಿದು ಎಳೆದರು. ಒಳಗಿನಿಂದ, “ಎಳೀಬ್ಯಾಡ್ರಿ, ಎಳೀಬ್ಯಾಡ್ರಿ,” ಎಂಬ ಕೂಗು. ನಾವು ಅದನ್ನು ಇನ್ನೂ ಜೋರಾಗಿ ಎಳೆಯಿರಿ ಎಂಬಂತೆ ಕೇಳಿಸಿಕೊಂಡು ಎಳೆದೆವು. ನಾನು ಕನ್ನಡದಲ್ಲಿ, ಆಕೆ ರಷ್ಯನ್ನಿನಲ್ಲಿ, ಇಬ್ಬರೂ ದೇವರನ್ನೇ ಕರೆಯುತ್ತಿದ್ದೆವೆಂದು ಕಾಣುತ್ತದೆ.

ಆಮೇಲೆ ಒಳಗಿನ ಕೂಗು ನಿಂತಿತು.

ಆ ಮೌನ ಎಷ್ಟು ಹೊತ್ತಿತ್ತೋ ನನಗೆ ಗೊತ್ತಿಲ್ಲ. ಇಲ್ಲಿ ಪೋರ್ಟ್ ಕ್ರೆಡಿಟ್‌ನಲ್ಲಿ ಸರೋವರದ ಪಕ್ಕ ಸುಮ್ಮನೆ ವಾಕಿಂಗ್ ಹೋಗುತ್ತಿದ್ದಾಗಲೂ ಅದು ಮತ್ತೆ ಬಂದು ಕಿವಿಯಲ್ಲಿ ಕೂರುತ್ತದೆ. ನಾನು ನಿಂತುಬಿಡುತ್ತೇನೆ, ಹಿಂದಿನಿಂದ ಬರುವವರು ಸಾರಿ ಹೇಳಿ ಸುತ್ತಿಕೊಂಡು ಹೋಗುತ್ತಾರೆ. ಬಾನ್ಯಾದಲ್ಲಿ ಆ ಹೊತ್ತಿಗೆ ನನಗೆ ನೆನಪಾದದ್ದು, ಒಳಕೋಣೆಯ ಗೋಡೆಯಲ್ಲಿ ಪುಸ್ತಕದಷ್ಟು ಅಗಲದ ಒಂದು ಕಿಟಕಿಯಿದೆ ಎಂಬುದು. ಹೊರಗೆ ಓಡಿದೆ. ಕೋಸಿನ ರಾಶಿಯ ಮೇಲಿನ ಚಾಕು ತೆಗೆದುಕೊಂಡೆ, ಒಂದು ಕೊರಡಿನಿಂದ ಕಿಟಕಿಯ ಗಾಜು ಒಡೆದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ ಮುಖಕ್ಕೆ ನುಗ್ಗಿತು. ಹಬೆ ತಿಳಿಯಾದಾಗ ನಮ್ಮವರು ನೆಲದ ಮೇಲೆ ಅಂಗಾತ ಬಿದ್ದಿದ್ದರು. ಹೆಸರು ಹಿಡಿದು ಕೂಗಿದೆ. ಮದುವೆಯಾದ ಮೇಲೆ ಅದೇ ಮೊದಲು. ಅದಕ್ಕೋ, ತಣ್ಣನೆಯ ಗಾಳಿಗೋ, ಅವರು ಕಣ್ಣು ಬಿಟ್ಟರು. ಬಿಟ್ಟವರು ನನ್ನ ಹೆಗಲ ಹಿಂದೆ ನೀನಾ ಅಮ್ಮನ ತಲೆ ಕಂಡು, ಕ್ಷೀಣವಾದ ದನಿಯಲ್ಲಿ ಹೇಳಿದ್ದು ಇಷ್ಟು: “ಅವರಿಗೆ ಆ ಕಡೆ ತಿರುಗ್ಲಿಕ್ಕೆ ಹೇಳು.”

“ಮಾನಾ ಆಮ್ಯಾಲೆ ನೋಡೋಣಂತ. ಮೊದಲ ಚಾಕು ಹಿಡೀರಿ.”

“ತಿರುಗಿದ್ರೇನು?”

“ತಿರುಗ್ಯಾರ,” ಎಂದು ಸುಳ್ಳು ಹೇಳಿದೆ. ಆಕೆ ತಿರುಗಿರಲಿಲ್ಲ, ಕಿಟಕಿಗೆ ಮುಖ ಕೊಟ್ಟು ಅಳುತ್ತಿದ್ದರು.

ಅವರು ತೆವಳಿಕೊಂಡು ಹೋಗಿ ಧೋತರ ಕೊಯ್ದರು. ಬಾಗಿಲು ತೆರೆದು, ಒಳಗಿದ್ದ ಹಳೆಯ ಬರಲೊಂದನ್ನು ಮುಂದೆ ಹಿಡಿದುಕೊಂಡು ಹೊರಗೆ ಬಂದಾಗ ಬೀಟ್‌ರೂಟಿನ ಹಾಗೆ ಕೆಂಪಗಿದ್ದರು. ನೀನಾ ಅಮ್ಮ ನಮ್ಮವರ ಮೈಮೇಲೆ ಒಂದು ಬಕೀಟು ತಣ್ಣೀರು ಸುರಿದು, ತಮ್ಮ ಕುರಿಚರ್ಮದ ಕೋಟನ್ನು ಹೊದಿಸಿ, ಬೆಂಚಿನ ಮೇಲೆ ಕೂಡಿಸಿದರು. ಆಮೇಲೆ ಬೈಯಲು ಶುರು ಮಾಡಿದರು. ಒಂದಕ್ಷರ ತಿಳಿಯದಿದ್ದರೂ, ನನ್ನ ಅತ್ತೆ ಬೈಯುವಾಗ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲೇ ಈಕೆಯೂ ತೆಗೆದುಕೊಳ್ಳುತ್ತಿದ್ದರು. ಬೈದು ಮುಗಿದ ಮೇಲೆ, ಕೈಯಲ್ಲಿ ಉಳಿದಿದ್ದ ಬರಲಿನಿಂದ ಕೋಟಿನ ಮೇಲಿಂದಲೇ ನಾಲ್ಕು ಬಾರಿಸಿದರು. ಯಾವುದನ್ನು ತಪ್ಪಿಸಿಕೊಳ್ಳಲು ನಮ್ಮವರು ಬಾಗಿಲು ಕಟ್ಟಿದ್ದರೋ ಅದು ಹಿತ್ತಲಿನಲ್ಲಿ, ಬೇಲಿಯಾಚೆಯ ಊರಿನವರ ಎದುರಿಗೆ ಸಂಪನ್ನವಾಯಿತು. ಕೊನೆಗೆ, “ಈಟ್,” ಎಂದು ರಾಸ್‌ಬೆರಿ ಜಾಮು ಕಲಸಿದ ಚಹಾ ತಂದರು.

“ಗುಡ್,” ಎಂದರು ನಮ್ಮವರು. ಆಗ ನಾನು ಕೋಸಿನ ರಾಶಿಯ ಪಕ್ಕದಲ್ಲಿ ನೆಲಕ್ಕೇ ಕೂತೆ.

ಮನೆಗೆ ವಾಪಸು ಬಂದ ಮೇಲೆ ನಮ್ಮವರು ಅದನ್ನು ಮರೆತರು. ನನಗಾಗಲಿಲ್ಲ. ಅವರು ಸ್ನಾನಕ್ಕೆ ಹೋದರೆ ನಾನು ಬಾಗಿಲಿನ ಹೊರಗೆ, “ಇದ್ದೀರಿಲ್ಲೋ?” ಎಂದು ಕೇಳುತ್ತ ನಿಲ್ಲುತ್ತಿದ್ದೆ. ಲಾಕ್ ಬಿಚ್ಚಿದ್ದು ಆಗಲೇ. ಅವರೋ ಲಾಕ್ ಇಲ್ಲದೆ ಸ್ನಾನವನ್ನೇ ಮಾಡಲಾರರು. ಒಳಗಿನಿಂದ ಬಟ್ಟೆಯ ಬುಟ್ಟಿಯನ್ನು ಬಾಗಿಲಿಗೆ ಒತ್ತಿ ಇಡುವರು, ನಾನು ನೂಕಿ ಬೀಳಿಸುವೆ. “ಜಳಕಾ ಮಾಡೂದೋ, ಹಾಜರಿ ಕೊಡೂದೋ?” ಎಂದು ಅವರು ಸಿಟ್ಟಾಗುವರು. ಮನೆಯಲ್ಲಿ ಮುನಿಸು ಹೆಚ್ಚಾಗಿ, ಅವರು ಜಿಮ್‌ಗೆ ಹೋಗಿ ಸ್ನಾನ ಮಾಡಿ ಬರುವ ಮಟ್ಟಕ್ಕೆ ಬಂತು. ಅಲ್ಲಿ ಎಲ್ಲ ಗಂಡಸರೂ ಒಟ್ಟಿಗೆ ನಿಂತು ಸ್ನಾನ ಮಾಡುತ್ತಾರಂತೆ. ಒಂದೇ ದಿನದಲ್ಲಿ ವಾಪಸು ಬಂದರು.

ಈ ರಗಳೆಯನ್ನು ಸೆರ್ಗೇಯ್ ಫೋನಿನಲ್ಲಿ ತಾಯಿಗೆ ಹೇಳಿ ನಕ್ಕಿರಬೇಕು. ನೀನಾ ಅಮ್ಮ ನಗಲಿಲ್ಲವಂತೆ. ಬಾನ್ಯಾದ ಮೊದಲ ಕೋಣೆಯ ಹೊರಬಾಗಿಲಿಗೆ ದೊಡ್ಡದೊಂದು ಕೊಂಡಿ ಹಾಕಿಸಿ ಅದರ ಫೋಟೋ ಕಳಿಸಿದರು. ಸೆರ್ಗೇಯ್ ಅದರ ಅರ್ಥ ಹೇಳಿದರು: “ನಾಚಿಕೆಯವರಿಗೆ ಹೊರಗಿನ ಬಾಗಿಲಿಗೆ ಚಿಲಕ ಇರಲಿ, ಉರಿಯ ಬಾಗಿಲಿಗೆ ಮಾತ್ರ ಬೇಡ ಅಂತಾಳೆ ಅಮ್ಮ. ಮುಂದಿನ ಸಲ ಬಂದಾಗ ಹೆದರಬೇಡಿ ಅಂದಳು.” ಫೋಟೋ ನೋಡಿ ನಮ್ಮವರು ಮಲಗುವ ಕೋಣೆಯ ಬಾಗಿಲಿಗೆ ಒಂದು ಚಿಲಕ ತಂದು ಜಡಿದರು.

ಈಗ ನಮ್ಮಲ್ಲಿ ಒಪ್ಪಂದವಾಗಿದೆ. ಮಲಗುವ ಕೋಣೆಗೆ ಒಳಗಿನಿಂದ ಚಿಲಕ. ಅದರೊಳಗಿನ ಬಾತ್‌ರೂಮಿನ ಬಾಗಿಲು ಬರೀ ಮುಂದಕ್ಕೆ ಎಳೆದಿಟ್ಟದ್ದು. ನಾನು ಮಂಚದ ತುದಿಯಲ್ಲಿ, ನೀರಿನ ಸದ್ದು ಕೇಳುತ್ತ. ಅವರಿಗೆ ಚಿಲಕವಿದೆಯೆಂಬ ಧೈರ್ಯ, ನನಗೆ ಬಾಗಿಲು ತೆರೆದಿದೆಯೆಂಬ ಧೈರ್ಯ. ಹೋದ ಭಾನುವಾರ ಹಾಗೆಯೇ ಕೂತಿದ್ದೆ. ಒಳಗೆ ನೀರು ಬೀಳುತ್ತಿತ್ತು, ಅವರು ಏನೋ ಗುನುಗುತ್ತಿದ್ದರು, ಎಷ್ಟೋ ದಿನಗಳ ಮೇಲೆ ನನಗೂ ಒಂದು ಸಣ್ಣ ಜೊಂಪು ಹತ್ತಿತ್ತು. ಅಷ್ಟರಲ್ಲಿ ಚಿಲಕ ಹಾಕಿದ ಬಾಗಿಲನ್ನು ಯಾರೋ ದಡದಡ ಬಡಿದರು. ಅನಘಾ.

“ಅಮ್ಮಾ, ಆರ್ ಯೂ ಗಯ್ಸ್ ಓಕೇ? ಡೋರ್ ಯಾಕೆ ಲಾಕ್ಡ್? ಅಮ್ಮಾ, ಸೇ ಸಮ್‌ಥಿಂಗ್.”

“ಜೀವಂತ ಇದ್ದೇವೆ ತಾಯಿ. ಒಂದ್ ಗಳಿಗಿ ಸಮಾಧಾನದಿಂದ ಇರ್ಲಿಕ್ಕೆ ಬಿಡ್ತೀಯೇನು?” ಎಂದು ರೇಗಿದೆ.

ಒಳಗೆ ಗುನುಗುವುದು ನಿಂತಿತು. ನಮ್ಮವರು ನಗುತ್ತಿದ್ದರು.