ಲೆಫ್ಟ್ ಔಟ್‌ನಲ್ಲಿ ಮುದ್ದಣ್ಣ ಮಾವ

ಈ ಮಳೆಗಾಲ ಮುಗಿಯುವುದರೊಳಗೆ ಹೊಸಂಗಡಿಯ ನಮ್ಮ ಭಾರತ್ ಫುಟ್ಬಾಲ್ ಸಂಘವನ್ನು ಜಿಲ್ಲೆಯಲ್ಲೇ ಅತಿ ದೊಡ್ಡ ಕ್ಲಬ್ಬು ಮಾಡಿಯೇ ತೀರುತ್ತೇನೆ ಎಂದು ನಾನು ಶಪಥ ಮಾಡಿದ್ದು ೧೯೫೨ರ ಜೂನ್ ತಿಂಗಳ ಒಂದು ಬೆಳಿಗ್ಗೆ, ಬಾಯಲ್ಲಿ ನೀರುದೋಸೆ ಇಟ್ಟುಕೊಂಡು. ಭೀಷ್ಮ ಪ್ರತಿಜ್ಞೆ ಮಾಡಿದಾಗ ಆಕಾಶದಿಂದ ಹೂಮಳೆ ಸುರಿದಿತ್ತಂತೆ. ನನ್ನ ತಟ್ಟೆಗೆ ಮಾಡಿನಿಂದ ಒಂದು ಹನಿ ಸೋರಿತು.

"ದೊಡ್ಡ ಕ್ಲಬ್ಬು ಅಂದ್ರೆ ಎಂತ?" ಎಂದು ನನ್ನ ಹೆಂಡತಿ ಸೌದಾಮಿನಿ ಕೇಳಿದಳು.

"ಖರ್ಚು! ಕಾಸರಗೋಡಿನ ವಿಕ್ಟರ್ಸ್ ಕ್ಲಬ್ಬು ನೋಡು. ಹನ್ನೊಂದು ಜನಕ್ಕೂ ಬೂಟು ಉಂಟು. ಕಣ್ಣೂರಿನಿಂದ ಇಬ್ಬರನ್ನು ರೈಲಿನಲ್ಲಿ ತರಿಸ್ತಾರೆ. ಹಾಫ್ ಟೈಮಿಗೆ ಸೋಡಾ."

"ಅವರಿಗೆ ಎಷ್ಟು ಕಪ್ಪು ಸಿಕ್ಕಿದೆ?"

"ಇನ್ನೂ ಒಂದೂ ಇಲ್ಲ."

"ನಿಮಗೆ?"

ನಾನು ದೋಸೆ ಅಗಿಯುವುದರಲ್ಲಿ ಮಗ್ನನಾದೆ.

"ಹಾಗಾದ್ರೆ ಇಬ್ಬರೂ ಒಂದೇ. ಅವರು ಸೋಡಾ ಕುಡಿದು ಸೋಲ್ತಾರೆ, ನೀವು ಬಾವಿ ನೀರು ಕುಡಿದು ಸೋಲ್ತೀರಿ."

ಹೆಂಗಸರಿಗೆ ಫುಟ್ಬಾಲು ಅರ್ಥವಾಗುವುದಿಲ್ಲ ಎಂದು ನಾನು ಆಗ ನಂಬಿದ್ದೆ. ಸಂಘದ ಸ್ಥಾಪಕ ನಾನು, ಕಾರ್ಯದರ್ಶಿ ನಾನು, ಲೆಫ್ಟ್ ಔಟ್ ಕೂಡ ನಾನೇ. ಲೆಫ್ಟ್ ಔಟ್ ಎಂದರೆ ಮೈದಾನದ ಎಡ ಅಂಚು ಹಿಡಿದು ಮುಂದೆ ಓಡುವವ. ಆ ಜಾಗಕ್ಕಾಗಿಯೇ ನಾನು ಸಂಘ ಕಟ್ಟಿದ್ದು ಎಂದು ಬೇಕಾದರೂ ಹೇಳಿ, ಬೇಸರವಿಲ್ಲ.

ಆದರೆ ಆ ವರ್ಷ ಎಡ ಅಂಚಿನಲ್ಲಿ ಏನೋ ಸರಿಯಿರಲಿಲ್ಲ. ಏಳು ಆಟಗಳನ್ನು ಒಂದೊಂದೇ ಗೋಲಿನಿಂದ ಸೋತಿದ್ದೆವು. ನನ್ನ ಕಡೆಗೆ ನೇರ ಬರುತ್ತಿದ್ದ ಚೆಂಡು ಕಾಲಿಗೆ ಒಂದು ಗೇಣು ಇರುವಾಗ ಯಾರೋ ಕರೆದಂತೆ ಪಕ್ಕಕ್ಕೆ ಹೊರಳುತ್ತಿತ್ತು. ಒಂದು ಸಂಜೆ ಆಟ ಮುಗಿದ ಮೇಲೆ ಕೆಸರಿನಲ್ಲಿ ನನ್ನ ಹೆಜ್ಜೆಗಳನ್ನು ನೋಡುತ್ತಾ ಬಂದೆ. ನನ್ನ ಹೆಜ್ಜೆಯ ಪಕ್ಕದಲ್ಲೇ ಇನ್ನೊಂದು ಬರಿಗಾಲ ಹೆಜ್ಜೆ ನಡೆದಿತ್ತು. ನಾನು ಓಡಿದಲ್ಲಿ ಓಡಿತ್ತು, ನಿಂತಲ್ಲಿ ನಿಂತಿತ್ತು. ಬೆರಳು ಎಣಿಸಿದೆ. ಆರು. ಅನುಮಾನವಾಗಿ ನನ್ನ ಕಾಲಿನದ್ದನ್ನೂ ಎಣಿಸಿಕೊಂಡೆ. ಐದೇ.

ಮನೆಯಲ್ಲಿ ಇದನ್ನು ತಮಾಷೆಯಾಗಿ ಹೇಳಿದೆ. ಅಜ್ಜಿ ತೆಂಗಿನಕಾಯಿ ತುರಿಯುತ್ತಿದ್ದರು. ತುರಿಯುವ ಸದ್ದು ನಿಂತಿತು.

"ಎಡಗಾಲಾ?"

ಯಾವ ಕಾಲೆಂದು ನಾನು ಹೇಳಿರಲೇ ಇಲ್ಲ.

"ಮುದ್ದಣ್ಣ," ಎಂದರು ಅಜ್ಜಿ, ಯಾರೋ ಅಂಗಳಕ್ಕೆ ಬಂದವರನ್ನು ಗುರುತಿಸಿದ ಹಾಗೆ.

ಮುದ್ದಣ್ಣ ಮಾವ ಅಜ್ಜಿಯ ಕಿರಿಯ ಮಗ, ನನ್ನ ಅಮ್ಮನ ತಮ್ಮ. ಮಂಗಳೂರಿನಲ್ಲಿ ಓದುತ್ತಿದ್ದವನು ರಜೆಗೆ ಬರುವಾಗ ಒಂದು ಚರ್ಮದ ಚೆಂಡು ತಂದಿದ್ದನಂತೆ. ಊರಲ್ಲಿ ಆ ಆಟ ಗೊತ್ತಿದ್ದವರು ಯಾರೂ ಇರಲಿಲ್ಲ. ಈಗ ನಮ್ಮ ಮೈದಾನವಾಗಿರುವ ಗದ್ದೆಯಲ್ಲಿ ಅವನೊಬ್ಬನೇ ಒದೆದು, ಅವನೊಬ್ಬನೇ ಓಡಿ ಹೋಗಿ ತರುತ್ತಿದ್ದನಂತೆ. ಹತ್ತೊಂಬತ್ತನೇ ವಯಸ್ಸಿಗೆ ಆಟಿ ತಿಂಗಳಲ್ಲಿ, ಆಷಾಢದ ಜಡಿಮಳೆಯ ನಡುವೆ, ಜ್ವರ ಬಂದು ಹೋದ. ಇಪ್ಪತ್ತೊಂದು ವರ್ಷದಿಂದ ಪ್ರತಿ ಆಟಿಯಲ್ಲೂ ಅವನಿಗೆ ಒಳಕೋಣೆಯಲ್ಲಿ ಬಾಳೆಲೆ ಹಾಕಿ ಅನ್ನ, ಕೋಳಿಸಾರು ಬಡಿಸುತ್ತೇವೆ. ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಸ್ವಲ್ಪ ಹೊತ್ತಾದ ಮೇಲೆ ಮೂರು ಸಲ ಕೆಮ್ಮಿ ಬಾಗಿಲು ತೆರೆಯುತ್ತೇವೆ. ಉಣ್ಣುವವರಿಗೆ ಎದ್ದು ಹೋಗಲು ಸಮಯ ಬೇಡವೇ?

"ಪಾಪ, ಅವನನ್ನು ಯಾರೂ ಆಟಕ್ಕೆ ಸೇರಿಸಲಿಲ್ಲ," ಎಂದರು ಅಜ್ಜಿ. "ಅವನ ಜಾಗ ಬಿಟ್ಟುಕೊಡು."

"ಯಾವ ಜಾಗ ಅಜ್ಜಿ?"

"ಅವನು ನಡೀತಾ ಇರುವುದು ಯಾರ ಪಕ್ಕದಲ್ಲಿ?"

ನಮ್ಮ ಕ್ಯಾಪ್ಟನ್ ಹುಸೈನ್‌ಗೆ ಪೇಟೆಯಲ್ಲಿ ಒಣಮೀನಿನ ಅಂಗಡಿ. ಅವನಾದರೂ ನಕ್ಕು ತಳ್ಳಿಹಾಕಿಯಾನು ಎಂಬ ಆಸೆಯಿಂದ ಹೋಗಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು ತಕ್ಕಡಿ ಕೆಳಗಿಟ್ಟ.

"ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ ಮಾರಾಯ. ಆದ್ರೆ ನಿನ್ನನ್ನು ತೆಗೀಲಿಕ್ಕೆ ಒಂದು ಕಾರಣ ಬೇಕಿತ್ತು. ನಿನ್ನ ಅಜ್ಜಿಗೆ ಸಲಾಂ ಹೇಳು."

ಹೀಗೆ ಬೋವಿಕಾನದವರ ಎದುರು ನಾವು ಹತ್ತು ಜನ ಇಳಿದೆವು. ನಾವು ಎಂದರೆ ಅವರು. ನಾನು ಕೊಡೆ ಹಿಡಿದು ಗದ್ದೆಯ ಬದುವಿನ ಮೇಲೆ ಕೂತಿದ್ದೆ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಹುಸೈನ್ ಚೆಂಡನ್ನು ಖಾಲಿ ಬಿದ್ದಿದ್ದ ಎಡಬದಿಗೆ ಒದ್ದ. ಅದು ಗೆರೆ ದಾಟಬೇಕು, ದಾಟಲಿಲ್ಲ. ಗೆರೆಯ ಹತ್ತಿರ ನಿಂತಿತು. ಒಂದು ಕ್ಷಣ ಅಲ್ಲೇ ಮೆಲ್ಲಗೆ ತಿರುಗಿತು. ಮತ್ತೆ ಎದ್ದು, ಬಿಲ್ಲಿನ ಹಾಗೆ ಬಾಗಿ, ಗೋಲಿನ ಎದುರಿಗೆ ಬಂದು ಹುಸೈನ್‌ನ ಹಣೆಗೆ ಕೂತಿತು.

ನಾನು ನೋಡಿದ್ದು ಚೆಂಡನ್ನಲ್ಲ, ಮಳೆಯನ್ನು. ಎಲ್ಲ ಕಡೆ ಮಳೆ ನೇರವಾಗಿ ಬೀಳುತ್ತಿತ್ತು. ಎಡ ಅಂಚಿನಲ್ಲಿ ಮಾತ್ರ ಒಂದಾಳೆತ್ತರದಲ್ಲಿ ಹನಿಗಳು ಏನಕ್ಕೋ ತಾಗಿ ಚದುರುತ್ತಿದ್ದವು. ಆ ಚದುರುವಿಕೆ ಓಡುತ್ತಿತ್ತು.

ನಾಲ್ಕು–ಸೊನ್ನೆ. ಬೋವಿಕಾನದ ರೈಟ್ ಬ್ಯಾಕ್ ದ್ವಿತೀಯಾರ್ಧ ಪೂರ್ತಿ ಕೈಮುಗಿದುಕೊಂಡೇ ನಿಂತಿದ್ದ.

ಇನ್ನೂ ಎರಡು ಗೆದ್ದೆವು. ಕಾಸರಗೋಡಿನ ಮಳೆಗಾಲದ ಕಪ್ಪಿನ ಫೈನಲ್ಲಿಗೆ ಬಂದೆವು. ಖರ್ಚು, ಒಳಕೋಣೆಯಲ್ಲಿ ಮಾವನ ಎಲೆಗೆ ಗೆಲುವಿಗೊಂದು ಕೋಳಿ, ಅದೂ ಮನೆಯದ್ದೇ. ಬದುವಿನ ಮೇಲೆ ಜನ ಮಾವನ ಹೆಸರು ಹೇಳಿ ಚಪ್ಪಾಳೆ ಹೊಡೆಯುತ್ತಿದ್ದರು. ಸ್ಥಾಪಕನಾದ ನಾನು ಹಾಫ್ ಟೈಮಿಗೆ ಲಿಂಬೆ ಕೊಯ್ಯುತ್ತಿದ್ದೆ.

"ನೀವು ಹೇಳಿದ್ದು ಸರಿ," ಎಂದಳು ಸೌದಾಮಿನಿ. "ಕ್ಲಬ್ಬು ದೊಡ್ಡದಾಯ್ತು. ನೀವು ಹೊರಗೆ ಬಂದ ಕೂಡಲೇ ಆಯ್ತು."

ಸಂಕಟವಾಯಿತು. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ನಾನು ಸಣ್ಣವನಲ್ಲ ಎಂದುಕೊಂಡೆ. ಸಣ್ಣವನೇ ಆಗಿದ್ದೆ.

ಇಂಥ ಹದವಾದ ಸಮಯಕ್ಕೆ ನಮ್ಮ ಅಂಗಳಕ್ಕೆ ಬಂದವರು ಪ್ರೇಮನಾಥ, ಗೇರುಬೀಜದ ವ್ಯಾಪಾರಿ, ವಿಕ್ಟರ್ಸ್ ಕ್ಲಬ್ಬಿನ ಅಧ್ಯಕ್ಷ. ಫೈನಲ್ಲಿನಲ್ಲಿ ನಮ್ಮ ಎದುರಾಳಿ ಅವರೇ. ಜಗಲಿಯಲ್ಲಿ ಕೂತು, ಬೆಲ್ಲ ನೀರು ಕುಡಿದು, ಅಜ್ಜಿಯನ್ನು ಕೇಳಿದರು:

"ಹುಡುಗನಿಗೆ ಸಂಬಂಧ ನೋಡ್ತಾ ಇದ್ದೀರಾ?"

ನಮ್ಮ ಕಡೆ ಮದುವೆಯಾಗದೆ ಸತ್ತವರು ಹಾಗೇ ಉಳಿಯುವುದಿಲ್ಲ. ಅವರಿಗೂ ವಯಸ್ಸಾಗುತ್ತದೆ, ಅವರಿಗೂ ಹೆಣ್ಣು ನೋಡುತ್ತೇವೆ, ಸತ್ತ ಹೆಣ್ಣನ್ನೇ. ಆಟಿ ತಿಂಗಳಲ್ಲಿ ಬದುಕಿದವರ ಮದುವೆ ಇಲ್ಲದ ಕಾರಣ ಅವರ ಮದುವೆ ಆಗ ನಡೆಯುತ್ತದೆ. ಪ್ರೇಮನಾಥರ ತಂಗಿ ಕಮಲ ಎರಡು ವರ್ಷದ ಮಗುವಾಗಿದ್ದಾಗ ಹೋದವಳು. ಬದುಕಿದ್ದರೆ ಈಗ ಇಪ್ಪತ್ತೆರಡು.

"ನಮ್ಮ ಬಳಿ ಬೇರೆ, ನಿಮ್ಮ ಬಳಿ ಬೇರೆ. ಒಂದೇ ಗೋತ್ರವೆಂಬ ಅಡ್ಡಿ ಇಲ್ಲ," ಎಂದರು ಅವರು.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇಪ್ಪತ್ತೊಂದು ವರ್ಷದಲ್ಲಿ ನನ್ನ ಮಗನನ್ನು ಕೇಳಿಕೊಂಡು ಬಂದವರು ನೀವೊಬ್ಬರೇ."

ಆಮೇಲೆ ಪ್ರೇಮನಾಥರು ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದರು.

"ಮದುವೆಯಾದ ಮೇಲೆ ಹುಡುಗಿ ಆಟಿ ಕೂರಲಿಕ್ಕೆ ತಾಯಿಮನೆಗೆ ಬರಬೇಕಲ್ಲ?"

"ಹೌದು. ಪದ್ಧತಿ ಉಂಟು."

"ಹೊಸ ಗಂಡ ಹಿಂದೆಯೇ ಬರ್ತಾನಲ್ಲ?"

"ಬರದೆ?"

"ಫೈನಲ್ ಆಟಿಯಲ್ಲೇ. ಭಾವ ನಮ್ಮಲ್ಲಿ ಇರ್ತಾರೆ, ನಮ್ಮ ಕಡೆ ಆಡ್ತಾರೆ. ನಿಮ್ಮ ಕ್ಲಬ್ಬಿಗೆ ಹನ್ನೊಂದು ಜೊತೆ ಬೂಟು ನನ್ನ ಉಡುಗೊರೆ. ಹನ್ನೊಂದನೆಯ ಜೊತೆ ಯಾರಿಗೆ ಅಂತ ನಾನು ಹೇಳಬೇಕಾ?"

ನಾನು ನನ್ನ ಪಾದ ನೋಡಿಕೊಂಡೆ. ಅಳತೆ ಹೇಳಿದೆ. ಹುಸೈನ್‌ಗೆ ಒಂದು ಮಾತೂ ಹೇಳದೆ, ಸ್ವಂತ ಸೋದರಮಾವನನ್ನು ಬೂಟಿಗೆ ಮಾರಿದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಮದುವೆ ಮಧ್ಯಾಹ್ನ ನಡೆಯಿತು. ಎರಡು ಮಣೆ. ಒಂದರ ಮೇಲೆ ಮಡಿಸಿದ ಹೊಸ ಪಂಚೆ, ಇನ್ನೊಂದರ ಮೇಲೆ ಹಸಿರು ಸೀರೆ ಮತ್ತು ಬಳೆ. ಬಾಗಿಲು ಮುಚ್ಚಿತ್ತು, ಗಾಳಿಯಿರಲಿಲ್ಲ. ಧಾರೆಯ ನೀರು ಬಿದ್ದಾಗ ಪಂಚೆಯ ಅಂಚು ತಾನಾಗಿ ಎದ್ದು, ಸೀರೆಯ ಅಂಚಿನ ಮೇಲೆ ಮೆಲ್ಲಗೆ ಮಲಗಿತು. ಅಜ್ಜಿ, "ನಾಚಿಕೆ ಇಲ್ಲದವ," ಎಂದು ನಕ್ಕರು. ಅದೇ ದಿನ ಪ್ರೇಮನಾಥರು ಸೀರೆ ಪಂಚೆಗಳನ್ನು ಒಂದೇ ಗಂಟು ಕಟ್ಟಿ, ಎರಡು ಟಿಕೆಟ್ ಹೆಚ್ಚು ತೆಗೆದು, ಕಾಸರಗೋಡು ಬಸ್ಸು ಹತ್ತಿದರು. ಬಸ್ಸು ತುಂಬಿತ್ತು. ಆ ಎರಡು ಸೀಟಿನಲ್ಲಿ ಯಾರೂ ಕೂರಲಿಲ್ಲ.

ಫೈನಲ್ಲಿಗೆ ನಾವು ಹನ್ನೊಂದು ಜನ, ಹನ್ನೊಂದು ಜೊತೆ ಹೊಸ ಬೂಟು! ಹುಟ್ಟಿದಂದಿನಿಂದ ಬರಿಗಾಲಲ್ಲಿ ಆಡಿದವರು ಕೆಸರಿಗೆ ಇಳಿದ ಎಮ್ಮೆಗಳ ಹಾಗೆ ಒಂದೊಂದೇ ಕಾಲು ಕಿತ್ತು ಇಡತೊಡಗಿದೆವು. ಅತ್ತ ವಿಕ್ಟರ್ಸ್ ತಂಡ ಹತ್ತೇ ಜನ. ಕಣ್ಣೂರಿನಿಂದ ಹೆಚ್ಚು ಹಣ ಕೊಟ್ಟು ತಂದ ಇಬ್ಬರಲ್ಲಿ ಒಬ್ಬನನ್ನು ಪ್ರೇಮನಾಥರು ಭಾವನಿಗಾಗಿ ಹೊರಗೆ ಕೂರಿಸಿದ್ದರು. ಅವನು ಲಿಂಬೆ ಕೊಯ್ಯುತ್ತಿದ್ದ. ನನಗೆ ಪಾಪ ಎನಿಸಿತು.

"ನಿನ್ನ ಮಾವ ಎಲ್ಲಿ?" ಎಂದ ಹುಸೈನ್.

"ಹೆಂಡತಿ ಮನೆಯಲ್ಲಿ."

ಅವನು ನನ್ನ ಬೂಟು ನೋಡಿದ, ನನ್ನ ಮುಖ ನೋಡಿದ. ಮತ್ತೆ ಆ ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಕೊನೆಯ ಐದು ನಿಮಿಷದವರೆಗೆ ಸೊನ್ನೆ–ಸೊನ್ನೆ. ಆಗ ಚೆಂಡು ನನ್ನ ಕಾಲಿಗೆ ಬಂತು. ಅವರ ಗೋಲ್ ಕೀಪರ್ ಜಾರಿ ಬಿದ್ದಿದ್ದ. ಎದುರು ಖಾಲಿ ಗೋಲು. ಜನ್ಮವಿಡೀ ಕಂಡ ಕನಸು! ಬಲವಾಗಿ ಒದ್ದೆ. ಚೆಂಡು ನೇರ ಉರುಳಿತು, ಗೋಲಿನ ಗೆರೆಯ ಮೇಲೆ ಬಂತು, ನಿಂತಿತು. ಕೆಸರು ಹಿಡಿದಿರಬೇಕೆಂದು ನಾನು ಓಡಿದೆ. ಚೆಂಡಿನ ಹಿಂದೆ ಆರು ಬೆರಳಿನ ಹೆಜ್ಜೆ ನನ್ನ ಕಣ್ಣೆದುರೇ ಕೆಸರಿನಲ್ಲಿ ನಿಧಾನವಾಗಿ ಮೂಡುತ್ತಿತ್ತು. ಕಂಬದ ಪಕ್ಕದಲ್ಲಿ ಹೆಣ್ಣಿನ ಎರಡು ಪುಟ್ಟ ಹೆಜ್ಜೆ. ಎಲ್ಲೋ ಬಳೆ ಸದ್ದಾಯಿತು.

ಮರುಕ್ಷಣ ಚೆಂಡು ನನ್ನ ತಲೆಯ ಮೇಲಿಂದ ಹಾರಿಹೋಯಿತು. ನಾನು ತಿರುಗುವುದರೊಳಗೆ ನಮ್ಮ ಬಲೆಯಲ್ಲಿತ್ತು.

"ಹೆಂಡತಿ ನೋಡ್ತಾ ನಿಂತಿರುವಾಗ ಯಾವ ಗಂಡಸು ಗೋಲು ಬಿಟ್ಟುಕೊಡ್ತಾನೆ?" ಎಂದರು ಅಜ್ಜಿ, ಸುದ್ದಿ ಕೇಳಿ. ಮಗ ಗೆದ್ದ ಸಂತೋಷ ಮುಖದಲ್ಲಿ ಅಡಗುತ್ತಿರಲಿಲ್ಲ.

ಹೋಗಲಿ, ಕಪ್ಪು ಹೋದರೂ ಜಾಗ ಸಿಕ್ಕಿತಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಮುಂದಿನ ಆಟದ ಪಟ್ಟಿಯನ್ನು ಹುಸೈನ್ ಅಂಗಡಿಯ ಗೋಡೆಗೆ ಅಂಟಿಸಿದ್ದ. ಹತ್ತು ಹೆಸರು. ಲೆಫ್ಟ್ ಔಟ್ ಎದುರಿಗೆ ಖಾಲಿ.

"ಮಾವ ಹೋಗಿ ಆಯ್ತಲ್ಲ ಹುಸೈನ್. ಮತ್ತೆ ಯಾಕೆ ಖಾಲಿ?"

"ಖಾಲಿ ಇದ್ದಾಗಲೇ ಗೆದ್ದದ್ದಲ್ವಾ ಮಾರಾಯ?"

"ನಾನು ದೊಡ್ಡ ಕ್ಲಬ್ಬು ಕಟ್ಟಬೇಕು ಅಂತ..."

"ದೊಡ್ಡ ಕ್ಲಬ್ಬಿಗೆ ಯಾರನ್ನು ತರಬೇಕು ಅಂತ ಎಲ್ಲರಿಗೂ ಗೊತ್ತಿರ್ತದೆ. ಯಾರನ್ನು ಹೊರಗೆ ಕೂರಿಸಬೇಕು ಅಂತ ಗೊತ್ತಿರಬೇಕು."

ಆ ಆಟ ಮೂರು–ಸೊನ್ನೆಯಿಂದ ಗೆದ್ದರು. ಮುಗಿದ ಮೇಲೆ ಎಡ ಅಂಚಿಗೆ ಹೋಗಿ ಹುಡುಕಿದೆ. ಆರು ಬೆರಳಿಲ್ಲ, ಐದು ಬೆರಳೂ ಇಲ್ಲ. ಬರೀ ಕೆಸರು. ಮಳೆ ಎಲ್ಲ ಕಡೆಯ ಹಾಗೆ ಅಲ್ಲೂ ನೇರ ಬೀಳುತ್ತಿತ್ತು. ಅದನ್ನು ನೋಡಿ ನನಗೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು.

ಮರುದಿನ ಮಧ್ಯಾಹ್ನ ಮನೆಯಲ್ಲಿ ಕೋಳಿಸಾರಿನ ವಾಸನೆ. ಒಳಕೋಣೆಯಲ್ಲಿ ಎಲೆ ಹಾಕಿತ್ತು.

"ಇದು ಯಾರಿಗೆ? ಮಾವ ಕಾಸರಗೋಡಿನಲ್ಲಿ ಅಲ್ವಾ?"

"ಗೆದ್ದ ಮೇಲೆ ಲೆಫ್ಟ್ ಔಟಿಗೆ ಬಡಿಸಬೇಕು," ಎಂದರು ಅಜ್ಜಿ. "ನಡೆದುಕೊಂಡು ಬಂದದ್ದು ತಪ್ಪಬಾರದು."

"ಆ ಜಾಗದವರು ಈಗ ನೀವೇ ಅಲ್ವಾ? ಕೂತುಕೊಳ್ಳಿ," ಎಂದು ಸೌದಾಮಿನಿ ನನ್ನನ್ನು ಎಲೆಯ ಮುಂದೆ ಕೂರಿಸಿ ಹೊರಗೆ ಹೋಗಿ ಬಾಗಿಲು ಮುಚ್ಚಿದಳು.

ಮಬ್ಬಿನಲ್ಲಿ ಕೂತು ಉಂಡೆ. ಕೋಳಿ ಚೆನ್ನಾಗಿತ್ತು. ನಡುವೆ ಒಮ್ಮೆ ಎಡಗಾಲಿನ ಬೆರಳು ಎಣಿಸಿಕೊಂಡೆ. ಐದೇ ಇತ್ತು. ಹೊರಗೆ ಯಾರೋ ಮೂರು ಸಲ ಕೆಮ್ಮಿದರು. ಬಾಗಿಲು ತೆರೆಯಿತು. ಸೌದಾಮಿನಿ ಎಲೆ ನೋಡಿದಳು. ನಾನು ಕೂತಲ್ಲೇ ಕೂತಿದ್ದರೂ ನನ್ನ ಮೂಲಕ ಹಿಂದಿನ ಗೋಡೆಯನ್ನು ನೋಡಿ, ಅಜ್ಜಿಯ ಕಡೆ ತಿರುಗಿ ಹೇಳಿದಳು:

"ಎಲೆ ಖಾಲಿ ಉಂಟು ಅಜ್ಜಿ. ಬಂದು ಉಂಡು ಹೋಗಿದ್ದಾರೆ."