ಕಂಡಕ್ಟರನ್ನು ಬಿಟ್ಟು ಹೊರಟ ಬಸ್ಸು

ನಮ್ಮ ಗೋಮತಿಗೆ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಸಿಕ್ಕಿತು. ಗೋಮತಿ ಎಂದರೆ ನನ್ನ ಮೊಮ್ಮಗಳು. ಸುದ್ದಿ ಬಂದ ದಿನ ಬೀದಿಯ ಪ್ರತಿ ಮನೆಗೂ ಹೋಗಿ ಹೇಳಿ ಬಂದೆ. ಎದುರು ಮನೆಗೆ ಎರಡು ಸಲ ಹೋಗಿದ್ದೆನಂತೆ. ಸಂತೋಷವಾದರೆ ಕೆಲವರಿಗೆ ಒಳ್ಳೆಯ ನಿದ್ದೆ ಬರುತ್ತದೆ. ನನಗೆ ತಲೆಯೊಳಗೆ ಯಾರೋ ಮಗ್ಗ ಹೂಡಿದ ಹಾಗಾಗುತ್ತದೆ, ಲಾಳಿ ಅತ್ತಿಂದಿತ್ತ ಓಡುತ್ತಲೇ ಇರುತ್ತದೆ. ಮೆಟ್ಟಿಲಲ್ಲಿ ಕಾಲು ಜಾರಿದರೆ? ಕುಡಿದವನೊಬ್ಬ ಹತ್ತಿದರೆ? ಮೊದಲ ತಿಂಗಳಲ್ಲಿ ಒಂದು ದೂರು ಬಿದ್ದರೂ ಮನೆಗೆ ಕಳಿಸುತ್ತಾರೆ ಎಂದು ಅವಳೇ ಬೇರೆ ಹೇಳಿದ್ದಳು.

ಹೆದರಲು ನನಗೆ ಹಕ್ಕೂ ಇದೆ. ಉಡುಮಲೈ ಬಸ್ ಸ್ಟ್ಯಾಂಡಿನಲ್ಲೇ ಬೆಳೆದವನು ನಾನು. ಅವ್ವ ಅಲ್ಲಿ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದಳು. ಮೂರನೇ ಕ್ಲಾಸಿಗೆ ಶಾಲೆಗೆ ಕೈಮುಗಿದ ನಾನು, ನಮ್ಮವರು ನೇಯ್ದ ಸೀರೆಗಳ ಮೂಟೆಗಳನ್ನು ಬಸ್ಸಿನ ತಲೆಗೆ ಏರಿಸುವ ಕೆಲಸ ಹಿಡಿದೆ. ಮೂಟೆ ಕಟ್ಟಿ, ಏಣಿ ಇಳಿದು, ಬಸ್ಸಿನ ಪಕ್ಕೆಗೆ ಅಂಗೈಯಿಂದ ಎರಡು ಏಟು ಕೊಟ್ಟು ‘ಪೋಲಾಂ ರೈಟ್’ ಅಂದರೆ ಡ್ರೈವರ್ ಹೊರಡುತ್ತಿದ್ದ. ಅಷ್ಟು ದೊಡ್ಡ ಬಸ್ಸು ನನ್ನ ಅಪ್ಪಣೆಗೆ ಅಲುಗುತ್ತದಲ್ಲ ಎಂಬ ಜಂಬ ನನಗೆ. ಮನೆಯಲ್ಲಿ ಬೆಕ್ಕು ಕೂಡ ನನ್ನ ಮಾತು ಕೇಳುತ್ತಿರಲಿಲ್ಲ.

ಮೊದಲ ದಿನ ಬಸ್ ಸ್ಟ್ಯಾಂಡಿಗೆ ಬರಬೇಡಿ ಎಂದು ಗೋಮತಿ ಹೇಳಿದ್ದಳು. ಸರಿ ಎಂದವನು ಅವಳಿಗಿಂತ ಮೊದಲೇ ಹೋಗಿ ಕಂಬದ ಮರೆಗೆ ನಿಂತೆ. ಅವಳಿಗೆ ಕೊಟ್ಟ ಮಡತ್ತುಕುಳಂ ಬಸ್ಸಿನಿಂದ ಖಾಕಿ ಅಂಗಿ, ಹೆಗಲ ಚೀಲ, ಕೊರಳ ವಿಸಿಲ್ ಎಲ್ಲ ಸಮೇತ ನೆಟ್ಟಗೆ ಇಳಿದು ಬಂದಳು.

"ಬರ್ಬೇಡಿ ಅಂದಿದ್ನಲ್ಲ ತಾತ."

"ನಾನೆಲ್ಲಿ ಬಂದೆ? ಚುಮ್ಮಾ ನಿಂತಿದ್ದೀನಿ. ನೀನು ಟೆನ್ಷನ್ ಆಗ್ಬೇಡ."

"ಟೆನ್ಷನ್ ನಂಗಾ? ನಿಮ್ ಚಪ್ಪಲಿ ನೋಡ್ಕೊಳ್ಳಿ, ಎಡದ್ದು ಬಲಗಾಲಿಗಿದೆ."

ಅಷ್ಟರಲ್ಲಿ ಒಬ್ಬ ಮುದುಕಿ ಟೊಮ್ಯಾಟೊ ಬುಟ್ಟಿ ಹೊತ್ತು ಆ ಬಸ್ಸು ಹತ್ತಲಾರದೆ ಒದ್ದಾಡುತ್ತಿದ್ದಳು. ಬುಟ್ಟಿಯನ್ನು ಎತ್ತಿ ಒಳಗಿಟ್ಟೆ, ಅವಳನ್ನೂ ಹತ್ತಿಸಿದೆ. ಆಮೇಲೆ ನಡೆದದ್ದು ನಾನು ಮಾಡಿದ್ದಲ್ಲ, ಕೈ ಮಾಡಿದ್ದು. ಪಕ್ಕೆಗೆ ಎರಡು ಏಟು ಬಿತ್ತು. ಡ್ರೈವರ್ ಆರುಚ್ಚಾಮಿ ನನ್ನ ಕಾಲದವನು. ಹಿಂತಿರುಗಿಯೂ ನೋಡದೆ ಗೇರು ಹಾಕಿದ. ಬಸ್ಸು ಹೊರಟಿತು. ಕಂಡಕ್ಟರ್ ನನ್ನ ಪಕ್ಕದಲ್ಲಿ ನಿಂತಿದ್ದಳು.

ಗೋಮತಿ ಚೀಲ ಹಿಡಿದು ಓಡಿದಳು. ನಿಲ್ಲಿಸಲು ಒಂದು ಸಲ ಊದಬೇಕು. ಗಾಬರಿಯಲ್ಲಿ ಎರಡು ಸಲ ಊದಿದಳು. ಎರಡು ಸಲ ಊದಿದರೆ ಹೋಗು ಎಂದರ್ಥ. ಆರುಚ್ಚಾಮಿ ಇನ್ನೂ ಜೋರಾಗಿ ಹೋದ. ಬಸ್ಸೂ ಮಗುವೂ ಒಂದರ ಹಿಂದೊಂದು ಗೇಟಿನಾಚೆ ತಿರುಗಿ ಮರೆಯಾದವು. ನನ್ನ ಮಂಡಿಗಳು ಓಡುವ ಕಾಲ ಮುಗಿದಿದೆ.

"ಪೆರಿಯವರೇ," ಎಂದ ಎಳನೀರಿನವನು, "ಕಂಡಕ್ಟರ್ ಇಲ್ಲದ ಬಸ್ಸು ಕಳಿಸಿದ್ರಾ, ಬಸ್ಸಿಲ್ಲದ ಕಂಡಕ್ಟರ್‌ನ ಕಳಿಸಿದ್ರಾ?"

ಮನೆಗೆ ಬಂದು ಯಾರಿಗೂ ಬಾಯಿ ಬಿಡಲಿಲ್ಲ. ನಲವತ್ತು ವರ್ಷ ಮೂಟೆ ಹೊತ್ತು ಬೆಳೆಸಿದ ಮನೆಯ ಮೊದಲ ಖಾಕಿ ಅಂಗಿಯನ್ನು ಒಂದೇ ಬೆಳಗ್ಗೆ ನಾನೇ ಬಿಚ್ಚಿಸಿದೆನಲ್ಲ ಎಂದು ಜಗಲಿಗೂ ಹಿತ್ತಿಲಿಗೂ ನಡೆದೆ. ಫೋನು ಬಡಿದುಕೊಂಡಾಗಲೆಲ್ಲ ಬಚ್ಚಲಿಗೆ ಹೋದೆ.

ಸಂಜೆ ಅವಳು ಬಂದಳು. ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು. ಯಾರೂ ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ನಾನು ಸಾಂಬಾರು ಕಲೆಸಿದ ಅನ್ನವನ್ನು ಎಲೆಯ ಆ ತುದಿಯಿಂದ ಈ ತುದಿಗೆ ತಳ್ಳುತ್ತಿದ್ದೆ.

"ತಟ್ಟಿದ್ದು ನಾನೇ," ಎಂದೆ. "ನಾಳೆ ಬಸ್ಸಿನ ಮುದಲಾಳಿ ಹತ್ರ ನಾನೇ ಹೋಗಿ ಹೇಳ್ತೀನಿ. ಮಗೂನ ಏನೂ ಅನ್ಬೇಡಿ."

ಮಗ ಹೆಂಡತಿಯ ಮುಖ ನೋಡಿದ. "ನಾನು ಪಾಯಸದ ತನಕ ತಡೀತಾರೆ ಅಂದಿದ್ದೆ. ನೀನೇ ಗೆದ್ದೆ, ಸಾಂಬಾರಿಗೇ ಹೇಳ್ಬಿಟ್ರು."

ಗೋಮತಿ ಮಧ್ಯಾಹ್ನವೇ ಫೋನು ಮಾಡಿ ಎಲ್ಲರಿಗೂ ಹೇಳಿದ್ದಳಂತೆ.

"ಹಾಗಾದ್ರೆ ದೂರು?" ಎಂದೆ.

"ಯಾರ್ ಕೊಡ್ತಾರೆ ತಾತ? ವಿಸಿಲ್ ಊದೋಕ್ ಮುಂಚೆ ಬಸ್ ತೆಗೆದಿದ್ದು ಡ್ರೈವರ್ ಅಣ್ಣ. ಮೂಲೇಲಿ ನಿಲ್ಲಿಸಿ ನನ್ನ ಹತ್ತಿಸ್ಕೊಂಡು, ದಯವಿಟ್ಟು ಯಾರಿಗೂ ಹೇಳ್ಬೇಡಮ್ಮ ಅಂತ ಅವರೇ ನನ್ನ ಕೇಳ್ಕೊಂಡ್ರು."

"ದಿನವೆಲ್ಲ ಭಯ ತಿಂದಿದ್ದೀರ," ಎಂದಳು ನನ್ನವಳು, "ಈಗ ಅನ್ನ ತಿನ್ನಿ."

ಅವರೆಲ್ಲ ಎರಡನೇ ಸಲ ಪಾಯಸ ಬಡಿಸಿಕೊಳ್ಳುವಾಗ ನಾನಿನ್ನೂ ಸಾಂಬಾರಿನಲ್ಲಿದ್ದೆ. ಇಡೀ ಮನೆಗೆ ಗೊತ್ತಿದ್ದ ಗುಟ್ಟನ್ನು ಒಬ್ಬನೇ ಕಾವಲು ಕಾದವನಿಗೆ ಹಸಿವು ತುಸು ಹೆಚ್ಚೇ ಇರುತ್ತದೆ.